ಅಲುಗಾಡಿಸಬಾರದ ಸೀಸೆಗಳು

ಮೇ 6, ಸೋಮವಾರ. ಲುಂಡ್

ಎಂದಿನಂತೆ ಲ್ಯಾಬ್ ಕಪಾಟಿನ ಸೀಸೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ತಿಳಿನೀಲಿ ಛಾಯೆ ಹಾಗೇ ಇದೆ. ಅಂದರೆ ವೆಸಿಕಲ್‌ಗಳಿವೆ — ಸಾಬೂನಿನ ಜಾತಿಯ ಅಣುಗಳು ನೀರಿನಲ್ಲಿ ತಾವೇ ಸೇರಿ ಕಟ್ಟಿಕೊಂಡ ಪುಟ್ಟ ಚೀಲಗಳು. ಚರ್ಮಕ್ಕೆ ಉರಿಯಿಲ್ಲ. ಒಳಗೆ ಔಷಧಿ ತುಂಬಬಹುದು.

ತಾವೇ ಕಟ್ಟಿಕೊಂಡವೋ ಇಲ್ಲವೋ, ಅದೇ ಜಗಳ. ಗೈಡ್ ಗುನ್ವೋರ್ ಇವತ್ತೂ ಅದೇ ರಾಗ. "ಹಿಲ್ಲೆವಿ, ನೀನು ಕಲಕಿದ್ದೀಯಮ್ಮ. ಕಲಕಿದ್ದಕ್ಕೇ ಚೀಲ ಆಯ್ತು ಅಂತಾರೆ ಪರೀಕ್ಷಕರು. ಥೀಸಿಸ್ ಪ್ರೆಸ್ಸಿಗೆ ಹೋಗೋದ್ರೊಳಗೆ ಪುರಾವೆ ಸಿಗ್ಲಿಲ್ಲ ಅಂದ್ರೆ ನಾಲ್ಕನೇ ಅಧ್ಯಾಯ ತೆಗೆದುಬಿಡು."

ಅದನ್ನು ತೆಗೆದರೆ ಥೀಸಿಸ್‌ನಲ್ಲಿ ಉಳಿಯುವುದು ಮುನ್ನುಡಿ, ಅಮ್ಮನಿಗೊಂದು ಥ್ಯಾಂಕ್ಸ್.

ಮೇ 8, ಬುಧವಾರ

ನಾಳೆಯಿಂದ ಹಬ್ಬದ ರಜೆ. ಈ ವಾರ ವಿಭಾಗದ ಅಡುಗೆಕೋಣೆ ಶುಚಿ ಮಾಡುವ ಪಾಳಿ ಟೋರ್ಕೆಲ್‌ನದು, ಪಕ್ಕದ ಬೆಂಚಿನವನು. ಒರೆಸುವ ಬಟ್ಟೆ ಕೈಗೆ ಬಂದರೆ ಅವನನ್ನು ಹಿಡಿಯುವವರಿಲ್ಲ. "ಕಪ್ಪು ತೊಳೀದೇ ಹೋದೋರ ಹೆಸರು ಬಾಗಿಲಿಗೆ ಅಂಟಿಸ್ತೀನಿ, ನೋಡ್ತಿರು." ನನ್ನದೇ ಕಪ್ಪು. ತೊಳೆದಿಟ್ಟು ಅಮ್ಮನ ಮನೆಗೆ ಹೊರಟೆ.

ಮೇ 13, ಸೋಮವಾರ

ಕಪಾಟು ಫಳಫಳ. ಸೀಸೆಗಳಿಲ್ಲ!

"ಫ್ರಿಜ್‌ನಲ್ಲಿಟ್ಟಿದ್ದೀನಿ ಕಣೇ, ಕೆಟ್ಟುಹೋಗ್ಬಾರ್ದು ಅಂತ." ಟೋರ್ಕೆಲ್‌ನ ಮುಖದಲ್ಲಿ ಪುಣ್ಯ ಕಟ್ಟಿಕೊಂಡ ಕಳೆ.

"ಅದೇನು ಹಾಲೇನೋ?"

ತಳದಲ್ಲಿ ಬಿಳಿ ಹರಳು. ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾದ ಹಾಗೆ. ವೆಸಿಕಲ್ ಒಂದೂ ಇಲ್ಲ. ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಮಧ್ಯಾಹ್ನದ ಕಾಫಿಗೂ ಬರಲಿಲ್ಲ ಅವನು. ನಮ್ಮಲ್ಲಿ ಅದು ಊಟ ಬಿಟ್ಟದ್ದಕ್ಕಿಂತ ದೊಡ್ಡ ಮುನಿಸು.

ಕಲಕಲು ಕೈ ಹೋಯಿತು. ಅದಕ್ಕೂ ಮನಸ್ಸಿಲ್ಲ. ಸೀಸೆಗಳನ್ನು ಹಾಗೇ ಕಪಾಟಿನಲ್ಲಿಟ್ಟು ಮನೆಗೆ ಬಂದೆ. ಅತ್ತುಬಿಟ್ಟೆ.

ಮೇ 14

ಹರಳು ಅರ್ಧ ಕರಗಿದೆ. ಯಾರೂ ಮುಟ್ಟಿಲ್ಲ... ಕಲಕದೆಯೇ ಚೀಲಗಳು ಮತ್ತೆ ಕಟ್ಟಿಕೊಂಡರೆ? ಅದಕ್ಕಿಂತ ಪುರಾವೆ ಇನ್ನೇನು ಬೇಕು! ಚೀಟಿ ಅಂಟಿಸಿದೆ: ಅಲುಗಾಡಿಸಬೇಡಿ.

ಟೋರ್ಕೆಲ್ ದೂರದಿಂದಲೇ ಓದಿದ. ನನಗೆ ಅವನ ಮುಖ ನೋಡಲೂ ನಾಚಿಕೆ.

ಮೇ 16, ಗುರುವಾರ

ನೀಲಿ! ಕಲಕಿಲ್ಲ, ಅಲುಗಿಸಿಲ್ಲ — ನೀಲಿ. ಬೆಳಕು ಹಾಯಿಸಿ ಅಳೆದೆ. ಚೀಲಗಳ ಗಾತ್ರವೂ ಮೊದಲಿನಷ್ಟೇ.

ಗುನ್ವೋರ್ ಕನ್ನಡಕ ಏರಿಸಿ ನೋಡಿದರು. "ಫ್ರಿಜ್‌ನಲ್ಲಿಡೋ ಐಡಿಯಾ ಯಾರದು?"

"ಟೋರ್ಕೆಲ್‌ದು."

"ಐಡಿಯಾ ಅಲ್ಲ," ಎಂದ ಅವನು, "ಕ್ಲೀನಿಂಗು."

ಗುನ್ವೋರ್ ಹೊಟ್ಟೆ ಹಿಡಿದು ನಕ್ಕರು. ಅವರು ಹೋದ ಮೇಲೆ, ತಪ್ಪಾಯ್ತು ಕಣೋ ಎಂದೆ. "ಏಲಕ್ಕಿ ಬನ್ ತಂದ್ರೆ ಯೋಚಿಸ್ತೀನಿ." ಎಷ್ಟು ಹಗುರವಾಯಿತು ಜೀವ.

ಮೇ 31, ಕಾಫಿಗೆ ಮುಂಚೆ

ಥೀಸಿಸ್ ಅಚ್ಚಾಗಿ ಬಂದಿದೆ. ನಾಲ್ಕನೇ ಅಧ್ಯಾಯ ಇದೆ! ಇವತ್ತು ಒಂದು ಪ್ರತಿಗೆ ಮೊಳೆ ಹೊಡೆದು ವಿಭಾಗದ ಹಲಗೆಗೆ ತೂಗುಹಾಕುವ ಶಾಸ್ತ್ರ. ಸುತ್ತಿಗೆ ಗುನ್ವೋರ್ ತಂದಿದ್ದಾರೆ. ಬನ್ ನಾನು. ಮೊಳೆ ಟೋರ್ಕೆಲ್ಲೇ ಹಿಡಿಯಬೇಕು ಎಂದೆ. "ಬೆರಳಿಗೆ ಹೊಡೆದು ಸೇಡು ತೀರಿಸ್ಕೊಳ್ಳಲ್ಲ ತಾನೇ?"

ಎಲ್ಲರೂ ಸೇರಿದ್ದಾರೆ. ಅವನು ಆಗಲೇ ಹಲಗೆ ಒರೆಸಿ, ಮೇಜೂ ಒರೆಸಿ ಮುಗಿಸಿದ್ದಾನೆ, ಪುಣ್ಯಾತ್ಮ. ಕರೆಯುತ್ತಿದ್ದಾರೆ. ಹೊರಟೆ... ಅಯ್ಯೋ, ಮೇಜಿನ ಮೇಲಿಟ್ಟಿದ್ದ ನನ್ನ ಪ್ರತಿ ಎಲ್ಲಿ —