ಒಂಬತ್ತನೇ ಸಾಲು ಬಾಕಿ

ಅತ್ತೆ,

ನಮಸ್ಕಾರ ಆಮೇಲೆ, ಮೊದಲು ಜಗಳ. ಶುರು ಮಾಡಿದ ಸುನೀತವನ್ನು, ಆ ಹದಿನಾಲ್ಕು ಸಾಲಿನ ಪದ್ಯವನ್ನು, ಅರ್ಧಕ್ಕೆ ಬಿಟ್ಟು ಹೋಗುವುದು ಇಂಗ್ಲಿಷ್ ಮೇಡಂ ಮಾಡುವ ಕೆಲಸವೇ? ಅದೂ ಸೊಸೆಯ ಮೇಲೆ ಬರೆದದ್ದನ್ನು?

ಫ್ರಿಸ್ಕೋದ ನಮ್ಮ ಮನೆಯಿಂದ ಹ್ಯೂಸ್ಟನ್ನಿಗೆ, ನಿಮ್ಮ ಮಗಳ ಮನೆಗೆ ಹೊರಟಿದ್ದೆವು, ನೆನಪಿದೆಯೇ? ನಾನು ಡ್ರೈವ್ ಮಾಡುತ್ತಿದ್ದೆ. ನಿಮ್ಮ ಮೊಮ್ಮಗಳು ಅನ್ವಿ ಹಿಂದೆ ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದಳು. ನೀವು ಪಕ್ಕದ ಸೀಟಿನಿಂದ, ಮೈಸೂರಿನ ಕಾಲೇಜಿನಲ್ಲಿ ಮಾಡುತ್ತಿದ್ದ ಪಾಠವನ್ನು ನನಗೆ ಒಪ್ಪಿಸುತ್ತಿದ್ದಿರಿ. "ರಾಜನ ಕೆಲಸ ಅಂತ ಇಟಲಿಗೆ ಹೋದ ಇಂಗ್ಲಿಷಿನವನು ವಾಪಸ್ ಬರ್ತಾ ಏನು ತಂದ ಹೇಳು? ಹದಿನಾಲ್ಕು ಸಾಲಿನ ಸಾನೆಟ್ಟು! ನೀನು ಇಂಡಿಯಾದಿಂದ ಬರೀ ಹಪ್ಪಳ ತರ್ತೀಯ." ಇಟಲಿಯ ಭಾಷೆಯಲ್ಲಿ ಪ್ರಾಸ ಧಾರಾಳ, ಇಂಗ್ಲಿಷಿನಲ್ಲಿ ಬರ, ಹಾಗಾಗಿ ಅವನಿಗಿಂತ ಕಿರಿಯನೊಬ್ಬ ಅದನ್ನು ನಾಲ್ಕು ನಾಲ್ಕು ಸಾಲಾಗಿ ಒಡೆದು, ಕೊನೆಗೆ ಎರಡು ಸಾಲು ಅಂಟಿಸಿದ ಎಂದಿರಿ. ಆ ಎರಡು ಸಾಲು ಕಂಡರೆ ನಿಮಗಾಗದು. "ಎಂಟು ಸಾಲು ದೂರು, ಒಂಬತ್ತನೇದಕ್ಕೆ ತಿರುವು. ಅದು ಇಟಲಿಯವರ ಮರ್ಯಾದೆ ಕಣೇ" ಎನ್ನುವಷ್ಟರಲ್ಲಿ ನನಗೆ ಹೈವೇಯಿಂದ ಇಳಿಯುವ ಎಕ್ಸಿಟ್ ತಪ್ಪಿಹೋಯಿತು. ತಪ್ಪು ನನ್ನದೋ, ಇಟಲಿಯವರದೋ?

ಅವತ್ತೇ ಸಂಜೆ ವಾಯ್ಸ್ ಮೆಸೇಜ್ ಹಾಕಿದಿರಿ. ಫ್ಯಾಮಿಲಿ ಗ್ರೂಪಿಗೆ! ಕನ್ನಡದಲ್ಲಿ ಸುನೀತ, ಎಂಟು ಸಾಲು, ಎಂಟೂ ನನ್ನ ಮೇಲೆ. ಸಾರಿಗೆ ಉಪ್ಪು ಹೆಚ್ಚು, ಕಾರಿನಲ್ಲಿ ಎಸಿ ಹೆಚ್ಚು, ಮಾತು ಹೆಚ್ಚು, ಎಕ್ಸಿಟ್ ಮಾತ್ರ ಕಣ್ಣಿಗೆ ಬೀಳದು. "ಉಳಿದ ಆರು ಸಾಲು ನಾಳೆ" ಎಂದು ಕೊನೆಯಲ್ಲಿ ನಕ್ಕಿರಿ. ಬೆಳಿಗ್ಗೆ ಕಾಫಿ ಹಿಡಿದು ನಿಮ್ಮನ್ನು ಎಬ್ಬಿಸಲು ಬಂದಾಗ...

ವೈಕುಂಠ ಸಮಾರಾಧನೆಗೆ ಬಂದವರೆಲ್ಲ ಹೋಳಿಗೆ ತಿನ್ನುತ್ತಾ ಆ ಎಂಟು ಸಾಲು ಕೇಳಿದರು. "ಎಷ್ಟು ಚೆನ್ನಾಗಿ ಬೈದಿದಾರೆ ನೋಡಿ!" ಎಂದರು ಸ್ಟಾಫರ್ಡಿನ ಆಂಟಿಯೊಬ್ಬರು. ನಿಮ್ಮ ಮಗ "ಬಿಡೇ, ಪದ್ಯ ತಾನೇ" ಎಂದು ತುಪ್ಪ ಬಡಿಸಲು ಹೋದರು. ಬಿಡುವುದು ಹೇಗೆ? ಇಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿ ಏಗಿದ ಮೇಲೂ ನನ್ನ ಬಗ್ಗೆ ನಿಮಗಿದ್ದದ್ದು ಬರೀ ದೂರೇ? ಆ ತಿರುವು ಏನೆಂದು ತಿಳಿಯದೆ ನನಗೆ ಅನ್ನ ಸೇರುತ್ತಿರಲಿಲ್ಲ.

ನಿನ್ನೆ ಮತ್ತೆ ಅದನ್ನೇ ಹಾಕಿಕೊಂಡು ಪಾತ್ರೆ ಕುಕ್ಕುತ್ತಿದ್ದೆ. ಅನ್ವಿ ಬಂದು ಫೋನ್ ಕಿತ್ತುಕೊಂಡಳು.

"ಸ್ಟಾಪ್ ಇಟ್, ಅಮ್ಮ! ಅಜ್ಜಿ ಟೋಲ್ಡ್ ಮಿ ದ ನೆಕ್ಸ್ಟ್ ಲೈನ್. ಐ ಪ್ರಾಮಿಸ್ಡ್ ನಾಟ್ ಟು ಟೆಲ್ ಯು."

"ಯಾಕಂತೆ?"

"ಶಿ ಸೆಡ್, ಲೆಟ್ ಹರ್ ವೇಟ್."

ಸತಾಯಿಸುವುದಕ್ಕೂ ಒಂದು ಮಿತಿ ಬೇಡವೇ, ಅತ್ತೆ? ಕನ್ನಡದಲ್ಲಿ ಒಂದು ಪೂರ್ತಿ ವಾಕ್ಯ ಆಡದ ಆ ಹುಡುಗಿ, ಕೊನೆಗೆ ನಿಮಗೆ ಕೊಟ್ಟ ಮಾತು ಮುರಿದು, ನಿಮ್ಮ ಸಾಲನ್ನು ನಿಮ್ಮದೇ ಧಾಟಿಯಲ್ಲಿ ಒಪ್ಪಿಸಿದಳು: "ಆದರೂ ಇವಳಿಲ್ಲದ ಕಾರಿನಲ್ಲಿ ನಾನೆಲ್ಲಿಗೂ ಹೋಗಲಾರೆ."

ಇಷ್ಟು ಹೇಳುವುದಕ್ಕೆ ಎಂಟು ಸಾಲು ಬೈಗುಳ ಬೇಕಿತ್ತೇ? ಸಿಂಕಿನ ಮುಂದೆ ನಿಂತು ಗಟ್ಟಿಯಾಗಿ ಅತ್ತುಬಿಟ್ಟೆ. ಆಮೇಲೆ ಅನ್ವಿಯ ದನಿಯಲ್ಲೇ ಅದನ್ನು ಗ್ರೂಪಿಗೆ ಹಾಕಿದೆ, ಆ ಆಂಟಿಗೂ ಕಳಿಸಿದೆ. ಉಳಿದ ಐದು ಸಾಲನ್ನು ನಾನು ಬರೆಯುವುದಿಲ್ಲ, ಯಾರಿಗೂ ಬರೆಯಲು ಬಿಡುವುದೂ ಇಲ್ಲ.

ಒಂದಕ್ಕೆ ಮಾತ್ರ ಉತ್ತರ ಕೊಡಿ. ನಾನಿಲ್ಲದೆ ಎಲ್ಲಿಗೂ ಹೋಗಲಾರೆ ಎಂದವರು, ಒಬ್ಬರೇ ಹೊರಟುಹೋದಿರಲ್ಲ?

ನಿಮ್ಮ ಸೊಸೆ,
ಶೈಲಾ