ಹಿತ್ತಲ ಟಾಕಿಯ ಏಳು ಮೀನು

ಫೆಬ್ರುವರಿ 9, ರವಿವಾರ

ಚಹಾಕ್ಕೂ ಮೊದಲು ಡ್ರಮ್ಮಿನ ನೀರು ನೋಡಿದೆ. ಮತ್ತೆ ಮಬ್ಬು. ಎರಡು ಬಕೆಟ್ ತೆಗೆದು ಎರಡು ಬಕೆಟ್ ಹಾಕಿದೆ. ಏಳೂ ಇವೆ.

ಶಾಲೆಯ ಲ್ಯಾಬಿನ ಗಾಜಿನ ತೊಟ್ಟಿ ಒಡೆದ ದಿನದಿಂದ ಇದೇ ಕೆಲಸ. ಛಾವಣಿ ರಿಪೇರಿಗೆ ಬಂದವರ ಏಣಿ ಬಡಿದು ಒಡೆಯಿತು. ವಿಜ್ಞಾನದ ಟೀಚರ್ ನಾನೇ ಅಂತ ಗೋಲ್ಡ್ ಫಿಶ್ ನನ್ನ ಮನೆಗೆ ಬಂದವು. ಲ್ಯಾಬ್ ಸಿದ್ಧವಾಗುವುದು ಜೂನ್‌ಗೆ. ಅಲ್ಲಿಯವರೆಗೆ ಡ್ರಮ್ಮಿನಲ್ಲಿ ಬದುಕುವುದಿಲ್ಲ. ಎಂಟನೇ ಕ್ಲಾಸಿನವರು ದಿನಾ ಕೇಳುತ್ತಾರೆ: ಅರಾಮ ಅದಾವೇನ್ರಿ ಟೀಚರ್?

ಹಿತ್ತಲಲ್ಲಿ ಅತ್ತೆಯ ಕಾಲದ ಸಿಮೆಂಟ್ ಟಾಕಿ ಖಾಲಿ ಬಿದ್ದಿದೆ. ಮನೆ ಹಿಸ್ಸೆಯಾದಾಗ ಬೇವಿನ ಮರ ಭಾವನವರಿಗೆ ಹೋಯಿತು, ಟಾಕಿ ನಮಗೆ ಬಂತು. ನಡುವೆ ಗೋಡೆ ಎದ್ದಿತು. ಮೂರು ವರ್ಷವಾಯಿತು, ಅಣ್ಣತಮ್ಮ ಮಾತಾಡಿಲ್ಲ. ನಾನೂ ವಾರಗಿತ್ತಿ ಸುಮಿತ್ರಕ್ಕನೂ ಜಗಳವಾಡಿದವರಲ್ಲ. ಗಂಡಂದಿರು ಮಾತು ಬಿಟ್ಟರು, ನಾವೂ ಬಿಟ್ಟೆವು, ಅಷ್ಟೇ.

ಟೇಪು ಹಿಡಿದು ಟಾಕಿ ಅಳೆದೆ. ಸುಮಾರು ಎರಡೂವರೆ ಸಾವಿರ ಲೀಟರ್ ಹಿಡಿಯಬಹುದು. ಸಾಕು. ಧಾರಾಳ ಸಾಕು.

ಫೆಬ್ರುವರಿ 11

ಇವರಿಗೆ ಹೇಳಿದೆ. ಬೀಜ-ಗೊಬ್ಬರದ ಅಂಗಡಿಯ ತಲೆನೋವಿನಲ್ಲಿದ್ದರು. ಮೊದಲು ನಕ್ಕರು. ಆಮೇಲೆ, ನಲ್ಲಿ ನೀರು ಹನ್ನೆರಡು ದಿನಕ್ಕೊಮ್ಮೆ ಬರುವ ಊರಲ್ಲಿ ಮೀನಿಗೆ ಕೆರೆ ಕಟ್ಟಿದರೆ ಓಣಿಯವರು ಏನಂದಾರು ಅಂದರು.

ಖರೆ. ಅದಕ್ಕೇ ಫಿಲ್ಟರ್ ಬೇಕು. ಒಂದು ಸಲ ತುಂಬಿಸಿದ ನೀರು ಅದೇ ಸುತ್ತಬೇಕು. ಆರಿದಷ್ಟನ್ನೇ ಮತ್ತೆ ಹಾಕಬೇಕು. ನೀರು ಬದಲಿಸುತ್ತ ಕೂತರೆ ನನಗೇ ನಾಚಿಕೆ.

ಫೆಬ್ರುವರಿ 16, ಸಂಜೆ

ಗದಗಕ್ಕೆ ಹೋಗಿ ಬಂದೆ. ಪಂಪಿನ ಅಂಗಡಿಯವ ದೊಡ್ಡದನ್ನೇ ತೋರಿಸಿದ. ಗದ್ದೆಗೆ ನೀರು ಹಾಯಿಸುವುದಲ್ಲಪ್ಪ ಅಂದೆ. ಎರಡು ತಾಸಿಗೊಮ್ಮೆ ಟಾಕಿಯ ನೀರೆಲ್ಲ ಒಂದು ಸುತ್ತು ಬಂದರೆ ನಮಗೆ ಸಾಕು. ಆದರೆ ಡಬ್ಬಿಯ ಮೇಲೆ ಬರೆದ ಅಳತೆ ಎತ್ತರವಿಲ್ಲದ ಲೆಕ್ಕ. ನಮ್ಮ ನೀರು ಫಿಲ್ಟರಿಗೆಂದು ಇಡುವ ಇನ್ನೊಂದು ಡ್ರಮ್ಮಿನ ತಲೆಯ ತನಕ ಏರಬೇಕು. ಏರಿದಷ್ಟೂ ಧಾರೆ ಸಣ್ಣಗಾಗುತ್ತದೆ. ಆದ್ದರಿಂದ ಬೇಕಾದದ್ದಕ್ಕಿಂತ ಒಂದು ಸೈಜ್ ದೊಡ್ಡದು ತಂದೆ.

ಬಸ್ಸಿನಲ್ಲಿ ಪಂಪನ್ನು ತೊಡೆಯ ಮೇಲಿಟ್ಟುಕೊಂಡು ಟಿಕೆಟಿನ ಹಿಂದೆ ಚಿತ್ರ ಬರೆದೆ. ನೀಲಿ ಡ್ರಮ್ಮು. ಕೊಳೆ ನೀರು ತಳದಿಂದ ಒಳಗೆ ಬರಬೇಕು, ಮೆಲ್ಲಗೆ ಮೇಲೇರಬೇಕು. ಭಾರದ ಹೊಲಸು ತಳದಲ್ಲೇ ಕೂರುತ್ತದೆ. ಅದರ ಮೇಲೆ ಸ್ಪಂಜು. ಸ್ಪಂಜಿನ ಮೇಲೆ ಬಾಟಲಿ ಮುಚ್ಚಳಗಳ ರಾಶಿ, ನೀರನ್ನು ಖರೆ ಶುದ್ಧ ಮಾಡುವ ಬ್ಯಾಕ್ಟೀರಿಯಾ ಮನೆ ಮಾಡಲಿಕ್ಕೆ. ಮೇಲಿನ ಪೈಪಿನಿಂದ ನೀರು ಟಾಕಿಗೆ ಧುಮುಕಬೇಕು, ಗಾಳಿ ಕೂಡಿಸಿಕೊಂಡು.

ಮುಚ್ಚಳ ಕೂಡಿಸುವ ಕೆಲಸ ಎಂಟನೇ ಕ್ಲಾಸಿಗೆ ಹಚ್ಚಿದ್ದೇನೆ.

ಮಾರ್ಚ್ 2

ಪ್ಲಂಬರ್ ಅಝೀಮ ಬಂದು ಡ್ರಮ್ಮಿಗೆ ತೂತು ಹಾಕಿ ಪೈಪ್ ಕೂಡಿಸಿದ. ಟಾಕಿಯ ಬಿರುಕಿಗೆ ಸಿಮೆಂಟ್ ಮೆತ್ತಿದ್ದೂ ಒಣಗಿದೆ. ಯಳವತ್ತಿಯ ಇವರ ಗೆಳೆಯರ ಹೊಲದ ಬೋರಿನಿಂದ ಟ್ರ್ಯಾಕ್ಟರ್ ಟ್ಯಾಂಕರ್ ಬಂತು. ನೀರು ಬೀಳುವಾಗ ಗೋಡೆಯಾಚೆಯಿಂದ ಸುಮಿತ್ರಕ್ಕನ ದನಿ, ಯಾರಿಗೂ ಅಲ್ಲ ಅನ್ನುವ ಹಾಗೆ:

"ಕುಡ್ಯಾಕ ನೀರಿಲ್ಲ ಅಂತ ಮಂದಿ ಕೊಡಾ ಹಿಡ್ಕೊಂಡು ತಿರಗತೈತಿ. ಇಲ್ಲಿ ಮೀನಿಗೆ ಅರಮನಿ. ನಮ್ಮ ಮನಿತನದಾಗ ಮೀನ ಸಾಕಿದ್ದು ಇದ ಮೊದಲು ನೋಡ."

ನಾನು ಟ್ಯಾಂಕರಿನ ಪೈಪ್ ಸರಿಮಾಡಿದೆ. ಉತ್ತರ ಕೊಟ್ಟರೆ ಮಾತಾಡಿದ ಹಾಗಾಗುತ್ತದೆ... ಕೊಡಬೇಕಿತ್ತೇನೋ.

ಮಾರ್ಚ್ 5

ಪಂಪ್ ಚಾಲೂ ಆಗಿದೆ. ಮೀನು ಇನ್ನೂ ಹಳೆಯ ಡ್ರಮ್ಮಿನಲ್ಲೇ. ಇವರಿಗೆ ಅವಸರ. ನೀರು ತಿಳಿಯಾಗಿಯೇ ಇದೆಯಲ್ಲ ಬಿಟ್ಟುಬಿಡು ಅಂತಾರೆ. ತಿಳಿಯಾಗಿದ್ದರೆ ಸಾಲದು. ಮೀನಿನ ಹೊಲಸು ವಿಷವಾಗುತ್ತದೆ, ಅದನ್ನು ತಿನ್ನುವ ಜೀವಿ ಮೊದಲು ಹುಟ್ಟಬೇಕು. ಹಳೆಯ ಡ್ರಮ್ಮಿನ ತಳದ ರಾಡಿಯನ್ನು ಒಂದು ಚೊಂಬು ತಂದು ಮುಚ್ಚಳಗಳ ಮೇಲೆ ಸುರಿದೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಇನ್ನು ಕಾಯುವುದು.

ಪಂಪಿನ ಗುಂಯ್ ಸಪ್ಪಳ ಗೋಡೆಗೆ ಹತ್ತುತ್ತದಂತೆ. ಓಣಿಯ ಅಮೃತವ್ವನ ಕೈಲಿ ಹೇಳಿಕಳಿಸಿದ್ದಾರೆ, ಸುಮಿತ್ರಕ್ಕನಿಗೆ ಮಧ್ಯಾಹ್ನ ನಿದ್ದೆ ಬರುತ್ತಿಲ್ಲ ಅಂತ. ಹಳೆ ಟೈರಿನ ತುಂಡು ಪಂಪಿನ ಕೆಳಗಿಟ್ಟೆ. ಗುಂಯ್ ನಿಂತಿತು. ಈಗ ನೀರು ಬೀಳುವ ಸಪ್ಪಳ ಮಾತ್ರ.

ಮಾರ್ಚ್ 30, ಯುಗಾದಿ

ನೀರಿನ ವಿಷ ಪರೀಕ್ಷಿಸುವ ಟೆಸ್ಟ್ ಟ್ಯೂಬಿನ ಬಣ್ಣ ಕೊನೆಗೂ ಸರಿ ಬಂತು. ಏಳನ್ನೂ ಬಿಟ್ಟೆ. ಮೊದಲು ಮೂಲೆಗೆ ಸೇರಿದವು, ಒಂದರ ಹಿಂದೆ ಒಂದು. ಹೋಳಿಗೆ ಮಾಡುವ ಹೊತ್ತಿಗೆ ಟಾಕಿಯ ತುಂಬ ಅವೇ.

ಇವರು ಅಂಗಡಿಗೆ ಹೋಗದೆ ಟಾಕಿಯ ದಂಡೆಯಲ್ಲೇ ಕೂತಿದ್ದರು. ಒಂದು ಸಲ ಗೋಡೆಯ ಕಡೆ ನೋಡಿ, ಸಣ್ಣವರಿದ್ದಾಗ ಅಣ್ಣ ಈ ಟಾಕಿಯಲ್ಲಿ ತನಗೆ ಈಜು ಕಲಿಸುತ್ತೇನೆ ಅಂತ ಎತ್ತಿ ಹಾಕಿದ್ದ ಅಂದರು. ನಕ್ಕರು.

ಏಪ್ರಿಲ್ 6

ಬೇವಿನ ಹೂವು. ಇಡೀ ದಿನ ಆ ಕಡೆಯ ಮರದಿಂದ ಉದುರುತ್ತದೆ. ಪಂಪಿನ ಬಾಯಿ ಕಟ್ಟಿತ್ತು, ಧಾರೆ ದಾರದಷ್ಟಾಗಿತ್ತು. ಟೊಂಗೆ ಕಡಿಸಿ ಅಂತ ಕೇಳುವ ಹಾಗಿಲ್ಲ. ಹಳೆ ಸೊಳ್ಳೆ ಪರದೆ ಹೊಲಿದು ಟಾಕಿಯ ಮೇಲೆ ಕಟ್ಟಿದೆ. ಸ್ಪಂಜನ್ನು ನಲ್ಲಿ ನೀರಲ್ಲಿ ತೊಳೆಯಬಾರದು, ಅದರ ಕ್ಲೋರಿನ್ನಿಗೆ ಜೀವಿಗಳು ಸಾಯುತ್ತವೆ. ಟಾಕಿಯ ನೀರಲ್ಲೇ ಹಿಂಡಿ ಇಟ್ಟೆ.

ಬಿಸಿಲು ಕೆಟ್ಟದ್ದು. ನೀರು ಕಾದಷ್ಟೂ ಅದರಲ್ಲಿ ಗಾಳಿ ಕಡಿಮೆ. ಕರೆಂಟ್ ಹೋದರೆ? ಇನ್ವರ್ಟರ್ ಹಿಸ್ಸೆಯಲ್ಲಿ ಭಾವನವರಿಗೆ ಹೋಯಿತು. ನಾವು ಇನ್ನೊಂದು ತರಲೇ ಇಲ್ಲ. ಬ್ಯಾಟರಿಯ ಏರ್ ಪಂಪ್ ನೋಡಬೇಕು. ಪೇಪರ್ ವ್ಯಾಲ್ಯುಯೇಶನ್ ಡ್ಯೂಟಿ ಮುಗಿಯಲಿ.

ಏಪ್ರಿಲ್ 16, ರಾತ್ರಿ ಊಟಕ್ಕೆ ಮೊದಲು

ಬರೆದೇ ಬಿಡುತ್ತೇನೆ.

ಗದಗದಲ್ಲಿ ಎಸ್ಸೆಸ್ಸೆಲ್ಸಿ ಪೇಪರು ತಿದ್ದುತ್ತಿದ್ದೆ. ಮಧ್ಯಾಹ್ನ ಗಾಳಿ ಎದ್ದಿತು. ಹೊರಗೆಲ್ಲ ಕೆಂಪು ಧೂಳು. ಇವರಿಗೆ ಫೋನ್ ಮಾಡಿದೆ. ಶಿರಹಟ್ಟಿ ರಸ್ತೆಯಲ್ಲಿ ಮರ ಬಿದ್ದಿದೆ, ಗೊಬ್ಬರದ ಗಾಡಿಯ ಜತೆ ತಾನೂ ಸಿಕ್ಕಿಕೊಂಡಿದ್ದೇನೆ ಅಂದರು. ಲಕ್ಷ್ಮೇಶ್ವರದಲ್ಲಿ ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ತಾಸಾಯಿತಂತೆ. ನಾಳೆಯವರೆಗೆ ಕರೆಂಟಿಲ್ಲ.

ಬಸ್ಸಿನಲ್ಲಿ ಕೂತಾಗ ಲೆಕ್ಕ ಹಾಕುತ್ತಿದ್ದೆ. ಈ ಬಿಸಿಲು. ಕಾದ ನೀರು. ಧಾರೆ ಇಲ್ಲ. ನಾನು ತಲುಪುವ ಹೊತ್ತಿಗೆ ಒಂದೂ ಇರುವುದಿಲ್ಲ. ಎಂಟನೇ ಕ್ಲಾಸಿಗೆ ಹೇಗೆ ಹೇಳಲಿ ಅಂತ ವಾಕ್ಯ ಜೋಡಿಸುತ್ತ ಬಂದೆ.

ಮನೆಯೊಳಗೆ ಹೋಗದೆ ನೇರ ಹಿತ್ತಲಿಗೆ ಓಡಿದೆ. ಹಿಂದಿನ ಸಂದಿಯ ಬಾಗಿಲು ತೆರೆದಿತ್ತು, ಅದಕ್ಕೆ ಬರೀ ಚಿಲಕ. ಟಾಕಿಯ ದಂಡೆಯ ಮೇಲೆ ಸುಮಿತ್ರಕ್ಕ. ಸೀರೆ ಮೇಲೆ ಕಟ್ಟಿದ್ದರು. ಟಾಕಿಯಿಂದ ಕೊಡ ತುಂಬುವುದು, ಎದೆಯ ಮಟ್ಟಕ್ಕೆ ಎತ್ತುವುದು, ಮತ್ತೆ ಅದೇ ಟಾಕಿಗೆ ಸುರಿಯುವುದು. ತುಂಬುವುದು, ಎತ್ತುವುದು, ಸುರಿಯುವುದು. ನಾನು ನಿಂತದ್ದು ಅವರಿಗೆ ಕಾಣಲಿಲ್ಲ. ಮೈಯೆಲ್ಲ ತೊಯ್ದಿತ್ತು, ಬೆವರೋ ನೀರೋ.

"ಅಕ್ಕಾ," ಅಂದೆ.

ತಿರುಗಿ ನೋಡಿದರು. ಕೊಡ ಕೆಳಗಿಡಲಿಲ್ಲ.

"ಎರಡು ಹೋದ್ವು ರಂಜನಿ. ಐದು ಅದಾವು. ನಾ ಬರೂದ್ರಾಗ ಹೋಗಿದ್ವು."

ಕೊಡ ಇಸಿದುಕೊಂಡೆ. ಅವರ ತೋಳು ಬಿಗಿದುಹೋಗಿತ್ತು, ಬೆರಳು ಬಿಡಿಸಿ ತೆಗೆಯಬೇಕಾಯಿತು. ಹೇಗೆ ಗೊತ್ತಾಯಿತು ಅಂತ ಕೇಳಿದೆ.

"ಮಧ್ಯಾಹ್ನ ಆ ನೀರ ಬೀಳೂ ಸಪ್ಪಳಕ್ಕ ನನಗ ನಿದ್ದಿ ಹತ್ತತೈತಿ. ಸಪ್ಪಳ ನಿಂತಕೂಡ್ಲೆ ಎಚ್ಚರ ಆತು. ಹೊತ್ತಾದ್ರೂ ಮತ್ತ ಸಪ್ಪಳ ಬರಲಿಲ್ಲ. ಗ್ವಾಡಿ ಮ್ಯಾಲಿಂದ ಹಣಿಕಿ ನೋಡಿದ್ರ ಎಲ್ಲಾ ಮ್ಯಾಲ ಬಂದು ಬಾಯಿ ತಗದು ತಗದು... ನನಗ ನೋಡಾಕ ಆಗಲಿಲ್ಲ. ಮ್ಯಾಲಿಂದ ನೀರು ಬಿದ್ರನ ಅವು ಉಸಿರಾಡತಾವ ಅಂತ ನೀನ ಆವತ್ತು ನಿನ್ನ ಗಂಡ ಕೊಟ್ರೇಶಗ ಹೇಳಾಕತ್ತಿದ್ದಿ. ಗ್ವಾಡಿಗೆ ಕಿವಿ ಇರ್ತಾವ."

ಆಮೇಲೆ ಇಬ್ಬರೂ ಸರದಿಯಲ್ಲಿ ಸುರಿದೆವು, ಬಿಸಿಲು ಇಳಿಯುವವರೆಗೆ. ನಡುವೆ ಹಳೆಯ ಮಾತು. ಅತ್ತೆ ಈ ದಂಡೆಯ ಮೇಲೆ ಕೌದಿ ಒಗೆಯುತ್ತಿದ್ದದ್ದು, ನಾನು ಹೊಸ ಸೊಸೆಯಾಗಿ ಬಂದಾಗ ಜಾರಿ ಬಿದ್ದದ್ದು, ಇಂಥವು. ನೀರು ತಣ್ಣಗಾದ ಮೇಲೆ ಐದೂ ಕೆಳಗಿಳಿದವು.

ಸತ್ತ ಎರಡನ್ನು ಅಕ್ಕ ಬುಟ್ಟಿಯ ಕೆಳಗೆ ಮುಚ್ಚಿಟ್ಟಿದ್ದರು, ಬೆಕ್ಕು ಒಯ್ಯಬಾರದು ಅಂತ. ಗೋಡೆಯ ಬುಡದಲ್ಲಿ ಹುಗಿದೆವು. ಹೋಗುವಾಗ ಬಾಗಿಲಲ್ಲಿ ನಿಂತು ಅಂದರು:

"ನಮ್ಮ ಇನ್ವರ್ಟರ್ ಐತಲ್ಲ. ಒಂದ ಸಣ್ಣ ಗಾಳಿ ಮಷೀನ್ ನಡಿಯೂದಿಲ್ಲೇನ ಅದರ ಮ್ಯಾಲೆ?"

ನಡೆಯುತ್ತದೆ ಅಂದೆ. ಭಾವನವರು ಏನಂದಾರು ಅಂತಲೂ ಅಂದೆ.

"ಅವರಿಗೆ ನಾ ಹೇಳ್ತೀನಿ. ನೀ ಮಷೀನ್ ತಗೊಂಡ ಬಾ."

ಏಪ್ರಿಲ್ 17

ಕರೆಂಟ್ ಮಧ್ಯಾಹ್ನ ಬಂತು. ಗದಗದಿಂದ ಏರ್ ಪಂಪ್ ತಂದೆ, ಅಂಗೈಯಷ್ಟಿದೆ. ಇವರಿಗೆ ನಿನ್ನೆಯದೆಲ್ಲ ಹೇಳಿದೆ. ಕೇಳಿ ಎದ್ದು ಹಿತ್ತಲಿಗೆ ಹೋದರು. ಹೊತ್ತಾದರೂ ಬರಲಿಲ್ಲ. ನೋಡಿದರೆ, ಸೊಳ್ಳೆ ಪರದೆಯ ಮೇಲಿನ ಬೇವಿನ ಹೂವು ಆರಿಸುತ್ತಿದ್ದರು.

ಇನ್ವರ್ಟರಿನ ವಿಷಯಕ್ಕೆ ಬೇಡ ಅನ್ನಲಿಲ್ಲ.

ಏಪ್ರಿಲ್ 20, ರವಿವಾರ, ಬೆಳಿಗ್ಗೆ

ಎಂಟು ಗಂಟೆಗೆ ಗೋಡೆಯಾಚೆ ಡ್ರಿಲ್ ಮಷೀನಿನ ಸಪ್ಪಳ. ಸಿಮೆಂಟಿನ ಪುಡಿ ನಮ್ಮ ಕಡೆ ಉದುರಿತು, ಆಮೇಲೆ ಕಬ್ಬಿಣದ ತುದಿ ಹೊರಬಂತು. ಟಾಕಿಯ ಪಕ್ಕಕ್ಕೇ ಬರುವ ಹಾಗೆ ಅಳೆದು ಹಾಕಿದ್ದಾರೆ. ಎಲೆಕ್ಟ್ರಿಷಿಯನ್‌ನನ್ನು ಕರೆಸಿದ್ದಾರೆ ಅಂದುಕೊಂಡೆ.

ಇವರು ಹಲ್ಲುಜ್ಜುತ್ತ ನಿಂತಿದ್ದರು. ತೂತಿನಿಂದ ಕೆಂಪು ವೈರು ಇಣುಕಿತು. ಹಿಂದೆಯೇ ಮುದಕಪ್ಪ ಭಾವನವರ ದನಿ, ಗಟ್ಟಿಯಾಗಿ ಏನಲ್ಲ, ಊಟಕ್ಕೆ ಕರೆಯುವ ಹಾಗೆ:

"ಕೊಟ್ರ್ಯಾ, ಹಿಡಿಲೇ ತುದೀನ. ಜಗ್ಗಬ್ಯಾಡ."

ಇವರು ಬ್ರಶ್ ಬಾಯಲ್ಲೇ ಇಟ್ಟುಕೊಂಡು ಹೋಗಿ ಹಿಡಿದರು.

"ಹಿಡದೀನೋ ಅಣ್ಣಾ."

"ಬಿಡ್ತೀನಿ. ನಿನಗೆಷ್ಟ ಬೇಕ ಅಷ್ಟ ತಗೋ."

ನಾನು ಒಳಗೆ ಬಂದುಬಿಟ್ಟೆ. ಒಲೆಯ ಮೇಲೆ ಚಹಾ ಇದೆ. ಕುದಿಯುವವರೆಗೆ ಇಷ್ಟು ಬರೆದೆ. ಹೊರಗೆ ಇಬ್ಬರೂ ಇನ್ನೂ ಮಾತಾಡುತ್ತಿದ್ದಾರೆ, ವೈರಿನ ಮಾತು ಮುಗಿದಂತಿದೆ, ಈಗ ಶೇಂಗಾ ಬೀಜದ್ದೇನೋ... ಸುಮಿತ್ರಕ್ಕ ಸಂದಿಯ ಬಾಗಿಲ ಚಿಲಕ ತೆಗೆದ ಸದ್ದು. ಹಾಲು ಇನ್ನಷ್ಟು ಹಾಕಬೇಕು, ನಾಲ್ಕು ಜನರ ಚಹಾ.