ಏಳನೆಯ ನಿಯಮ ಮತ್ತು ಮರಗಮ್ಮನ ಹೊಸ್ತಿಲು

ಮಾನ್ಯ ನಿರ್ದೇಶಕರೇ,

ಹೋದ ಭಾನುವಾರ, ಅಂದರೆ 2015ರ ಡಿಸೆಂಬರ್ 13ರಂದು, ಬೆಳಿಗ್ಗೆ ಹನ್ನೊಂದೂಕಾಲಕ್ಕೆ ನವಿ ಮುಂಬಯಿಯ ನಿಮ್ಮ ಕಲಾ ಸಂಗ್ರಹಾಲಯದ ಬಾಗಿಲಲ್ಲಿ ಗಂಡ ಹೆಂಡತಿ ಇಬ್ಬರನ್ನು ತಡೆಯಲಾಯಿತು. ಅವರ ಕೈಯಲ್ಲಿ ಟಿಕೆಟ್ ಇತ್ತು. ಅವರು ಕುಡಿದಿರಲಿಲ್ಲ, ಕೂಗಾಡಿರಲಿಲ್ಲ, ಗೋಡೆಗೆ ಉಗುಳಿರಲಿಲ್ಲ. ಒಳಗೆ ಕಾಲಿಡುವ ಮೊದಲು ಚಪ್ಪಲಿ ಬಿಟ್ಟರು, ಅಷ್ಟೇ ಅವರ ಅಪರಾಧ. ‘ಬರಿಗಾಲಿನವರಿಗೆ ಪ್ರವೇಶವಿಲ್ಲ’ ಎಂಬುದು ನಿಮ್ಮ ಫಲಕದ ಏಳನೆಯ ನಿಯಮ. ಬರಿಗಾಲಿನಿಂದ ಕಲೆಗೆ ಒದಗುವ ಅಪಾಯ ಯಾವುದು ಎಂದು ಫಲಕ ಹೇಳುವುದಿಲ್ಲ. ತಾವಾದರೂ ಹೇಳಬಹುದೇ?

ಆ ಇಬ್ಬರು ಯಾರೆಂದು ತಮಗೆ ತಿಳಿದಿರಲಾರದು. ಕಲಬುರಗಿ ಜಿಲ್ಲೆಯ ಸೈದಪ್ಪ ಮತ್ತು ಅವನ ಹೆಂಡತಿ ಮರಗಮ್ಮ. ಠಾಕುರ್ಲಿಯಲ್ಲಿ ನಮ್ಮ ವಸತಿ ಸೊಸೈಟಿಯ ಪಕ್ಕ ಏಳುತ್ತಿರುವ ಕಟ್ಟಡದಲ್ಲಿ ಈಗ ಕೆಲಸಕ್ಕಿದ್ದಾರೆ. ತಮ್ಮ ಸಂಗ್ರಹಾಲಯಕ್ಕೆ ವಾಸ್ತುಶಿಲ್ಪದ ಪ್ರಶಸ್ತಿ ಬಂದಾಗ ತಾವು ಪತ್ರಿಕೆಗೆ ಹೇಳಿದ ಮಾತು ‘ಈ ನೆಲ ಉಸಿರಾಡುತ್ತದೆ.’ ಕತ್ತರಿಸಿಟ್ಟ ತುಣುಕು ನನ್ನ ಬಳಿ ಇದೆ. ಉಸಿರಾಡುವ ಆ ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದವನು ಸೈದಪ್ಪ. ಕಲ್ಲು ಹೊತ್ತು ತಂದವಳು ಮರಗಮ್ಮ. ಕೊನೆಯ ಕಲ್ಲು ಕೂತ ಸಂಜೆಯೇ ಅವರ ಗೇಟ್ ಪಾಸು ವಾಪಸ್ ಪಡೆದರು. ಚಿತ್ರಗಳು ಬಂದದ್ದು ಆಮೇಲೆ. ಅಂದಿನಿಂದ ಮರಗಮ್ಮನದು ಒಂದೇ ಮಾತು, ಈಗ ನನ್ನ ಬಳಿಯೂ: “ಅಷ್ಟ್ ದೊಡ್ಡ ಮನಿ ಕಟ್ಟೀವಿ ಕಾಕಾ, ಒಳಗ ಏನ್ ಇಟ್ಟಾರಂತ ನಮಗ ಗೊತ್ತಿಲ್ಲ ನೋಡ್ರಿ.” ಇದೇ 23ಕ್ಕೆ ಅವರು ಸೂರತ್‌ನ ಕೆಲಸಕ್ಕೆ ಹೊರಡುತ್ತಾರೆ. ಹಾಗಾಗಿ ನಾನೇ ಅವರನ್ನು ಕರೆದುಕೊಂಡು ಹೋದೆ.

ಠಾಕುರ್ಲಿಯಿಂದ ಸ್ಲೋ ಲೋಕಲ್ ರೈಲು, ಠಾಣೆಯಲ್ಲಿ ಇಳಿದು ವಾಶಿಯ ಗಾಡಿ, ಮುಂದೆ ರಿಕ್ಷಾ. ದಾರಿಯುದ್ದಕ್ಕೂ ಮರಗಮ್ಮ ತನ್ನ ಹೊಸ ಚಪ್ಪಲಿ ನೋಡಿಕೊಳ್ಳುತ್ತಿದ್ದಳು. ಇದಕ್ಕೆಂದೇ ಕೊಂಡದ್ದು. ನಿಮ್ಮ ಉದ್ಯಾನ ಚೆನ್ನಾಗಿದೆ, ಸುಳ್ಳು ಹೇಳಲಾರೆ. ತಾವರೆಕೊಳ, ಬಿದಿರ ಮೆಳೆ, ಪ್ರತಿ ಗಿಡಕ್ಕೂ ಲ್ಯಾಟಿನ್ ಹೆಸರು. ಒಂದು ಹುಲ್ಲುಹಾಸಿನ ಮುಂದೆ ಸೈದಪ್ಪ ನಿಂತ. “ಇಲ್ಲೇ ಇತ್ರಿ ನಮ್ಮ ಗುಡಸಲ,” ಎಂದ. ನೀವು ಆ ಜಾಗಕ್ಕೆ ‘ಮೌನವನ’ ಎಂದು ಹೆಸರಿಟ್ಟಿದ್ದೀರಿ. ಹನ್ನೆರಡು ಕುಟುಂಬಗಳಿದ್ದಾಗ ಅಲ್ಲಿ ಅಷ್ಟು ಮೌನ ಇರಲಿಲ್ಲವಂತೆ.

ಇನ್ನು ಬಾಗಿಲು. ಕಲ್ಲು ಹಾಸುವವರು ಮೊದಲ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು ಕೂರಿಸುತ್ತಾರೆ. ಆಮೇಲೆ ಅವರು ಅದನ್ನು ಚಪ್ಪಲಿಯಲ್ಲಿ ತುಳಿಯುವುದಿಲ್ಲ. ನಿಮ್ಮಲ್ಲಿ ಆ ಮೊದಲ ಕಲ್ಲೇ ಹೊಸ್ತಿಲು. ಇಬ್ಬರೂ ಅದನ್ನು ದೂರದಿಂದಲೇ ಗುರುತಿಸಿ ಚಪ್ಪಲಿ ಬಿಟ್ಟರು. ಕಾವಲುಗಾರ ಕೈ ಅಡ್ಡ ಇಟ್ಟು, ಚಪ್ಪಲಿ ಹಾಕಿಕೊಳ್ಳದೆ ಪ್ರವೇಶವಿಲ್ಲ ಎಂದು ಮರಾಠಿಯಲ್ಲಿ ಹೇಳಿದ.

“ಮಾವಶಿ, ಚಪ್ಪಲ್ ಘಾಲಾ. ಅಶೀ ಎಂಟ್ರಿ ನಾಹೀ.”

“ಪೂಜಿ ಮಾಡಿದ ಕಲ್ಲದ ತಮ್ಮಾ, ಚಪ್ಪಲಿ ಕಾಲ್ಲೆ ಹ್ಯಾಂಗ ತುಳೀಲಿ?”

ಅವನಿಗೆ ಕನ್ನಡ ಬಾರದು. ಈ ಕಲ್ಲು ಹಾಸಿದವರೇ ನಾವು ಎಂದು ಸೈದಪ್ಪ ಹಿಂದಿಯಲ್ಲಿ ಹೇಳಿದ: “ಏ ಪತ್ಥರ್ ಹಮ್‌ನೇ ಲಗಾಯಾ ಹೈ, ಸಾಬ್.”

“ಲಗಾಯಾ ತೋ ಲಗಾಯಾ. ಚಪ್ಪಲ್ ಪೆಹನೋ.” ಹಾಸಿದರೆ ಹಾಸಿದಿರಿ, ಚಪ್ಪಲಿ ಹಾಕಿಕೊಳ್ಳಿ, ಅಷ್ಟೇ ಅವನ ಮಾತು.

ಅಷ್ಟರಲ್ಲಿ ವಾಕಿಟಾಕಿ ಹಿಡಿದ ನಿಮ್ಮ ಮೇಲ್ವಿಚಾರಕಿ ಬಂದರು. ಅವರಿಬ್ಬರತ್ತ ನೋಡಲೂ ಇಲ್ಲ, ಮಾತೆಲ್ಲ ನನ್ನೊಂದಿಗೆ: ಇದು ಶುಚಿತ್ವದ ವಿಷಯ, ಓದಿದವನಾದ ನಾನು ಇವರಿಗೆ ತಿಳಿಹೇಳಬೇಕಂತೆ. “ಸರ್, ಹೈಜೀನ್ ಕಾ ಮಾಮ್ಲಾ ಹೈ. ಆಪ್ ತೋ ಪಢೇ ಲಿಖೇ ಹೈಂ, ಇನ್‌ಕೋ ಸಮಝಾಯಿಯೇ.” ಆ ಒಂದು ಕಲ್ಲನ್ನು ಬರಿಗಾಲಲ್ಲಿ ದಾಟಿ, ಆಚೆ ಹೋಗಿ ಚಪ್ಪಲಿ ಹಾಕಿಕೊಳ್ಳಲಿ ಎಂದೆ. ನಿಯಮ ಹೊಸ್ತಿಲಿನಿಂದಲೇ ಶುರುವಾಗುತ್ತದೆ ಎಂದರು. ಬೀದಿಯ ಕೊಳೆ ಮೆತ್ತಿದ ನನ್ನ ಬೂಟು ಶುಚಿ, ಚಪ್ಪಲಿ ಬಿಟ್ಟ ಕಾಲು ಕೊಳಕು. ಈ ಸಂಶೋಧನೆ ತಮ್ಮದೋ, ವಿದೇಶದ ಯಾವುದಾದರೂ ಸಂಗ್ರಹಾಲಯದಿಂದ ತರಿಸಿಕೊಂಡದ್ದೋ?

ಮರಗಮ್ಮ ಜಗಳ ಆಡಲಿಲ್ಲ. ಕೊಳದ ಕಟ್ಟೆಯ ಮೇಲೆ ಗಂಡನ ಪಕ್ಕ ಕೂತಳು. “ನೀವಾರೆ ನೋಡಿ ಬರ್ರಿ ಕಾಕಾ. ಬಂದು ಹೇಳ್ರಿ,” ಎಂದಳು. ನಾನು ಹೋದೆ. ಅವಳ ಕಣ್ಣೆದುರೇ ಆ ಕಲ್ಲಿನ ಮೇಲೆ ಬೂಟುಗಾಲಿಟ್ಟು ಹೋದೆ.

ಮೂರನೆಯ ಕೋಣೆಯಲ್ಲಿ, ಮೂರು ದೀಪಗಳ ಬೆಳಕಿನಲ್ಲಿ, ಗೋಡೆಯಗಲದ ತೈಲಚಿತ್ರವಿದೆ. ತಲೆಯ ಮೇಲೆ ಕಲ್ಲಿನ ಬುಟ್ಟಿ ಹೊತ್ತ ಹೆಂಗಸು. ಕಾಲ್ಬೆರಳ ಸಂದಿಯ ಧೂಳನ್ನೂ ಕಲಾವಿದ ಶ್ರದ್ಧೆಯಿಂದ ಬರೆದಿದ್ದಾನೆ. ಶೀರ್ಷಿಕೆ ‘ಶ್ರಮದ ಘನತೆ’. ಹೊರಗೆ ಬಂದೆ.

“ಏನ್ ಇಟ್ಟಾರ್ರಿ?”

“ಚಿತ್ರಗಳು. ಒಂದರಲ್ಲಿ ನಿನ್ನ ಹಾಗೇ ಕಲ್ಲು ಹೊತ್ತ ಹೆಂಗಸು.”

“ಕಾಲಾಗ ಚಪ್ಪಲಿ ಅದಾವೇನು?”

ಇಲ್ಲ ಎಂದೆ. ಅವಳು ಗಂಡನ ಮುಖ ನೋಡಿ ನಕ್ಕಳು. “ಮತ್ತ ಆಕಿನ್ನ ಹ್ಯಾಂಗ ಒಳಗ ಬಿಟ್ರು?”

ಅವಳ ಪ್ರಶ್ನೆಯನ್ನು ಹಾಗೆಯೇ ತಮಗೆ ದಾಟಿಸುತ್ತಿದ್ದೇನೆ. ಕಲೆ, ಬೆಳಕು, ಉಸಿರಾಡುವ ನೆಲ, ಎಲ್ಲದರ ಬಗ್ಗೆಯೂ ಮಾತಾಡಬಲ್ಲ ತಮ್ಮಲ್ಲಿ ಅದಕ್ಕೆ ಉತ್ತರ ಇದ್ದೀತು. ಬರುವ ಭಾನುವಾರ, 20ರಂದು, ಅದೇ ಹನ್ನೊಂದೂಕಾಲಕ್ಕೆ ನಾವು ಮೂವರೂ ಬರಿಗಾಲಲ್ಲಿ ಅದೇ ಹೊಸ್ತಿಲಿಗೆ ಬರುತ್ತೇವೆ. ಅಷ್ಟರೊಳಗೆ ಏಳನೆಯ ನಿಯಮವನ್ನು ಅಳಿಸಿ. ಆಗದಿದ್ದರೆ ನಿಯಮ ಎಲ್ಲರಿಗೂ ಒಂದೇ ಆಗಲಿ: ಆ ಚಿತ್ರದ ಹೆಂಗಸನ್ನೂ ಗೋಡೆಯಿಂದ ಇಳಿಸಿ ಹೊರಗೆ ಕಳಿಸಿ. ಕಟ್ಟೆಯ ಮೇಲೆ ಮರಗಮ್ಮನ ಪಕ್ಕ ಜಾಗವಿದೆ.

ಇಂತಿ,
ಬೂಟು ಹಾಕಿದ್ದರಿಂದ ಒಳಗೆ ಹೋಗಿಬಂದ
ಪುಂಡರೀಕಾಕ್ಷ
ಠಾಕುರ್ಲಿ